ಅರಿತವನ ಹೊಣೆ

ಬಂಧುಗಳ ಮನೆಯ ಮಂಗಲಕಾರ್ಯಕ್ಕೆ ಹೋಗುವುದು ಗೃಹಸ್ಥನಿಗೆ ಸಂತೋಷದ ವಿಷಯ ಮಾತ್ರವಲ್ಲ, ಅದೊಂದು ಋಣವೂ ಹೌದು. ತನ್ನ ಮನೆಯ ಹಂದರದ ಕೆಳಗೆ ಬಂದು ನಿಂತವರ ಹಂದರದ ಕೆಳಗೆ ತಾನೂ ಹೋಗಿ ನಿಲ್ಲಬೇಕು. ತನ್ನ ಮಕ್ಕಳಿಗೆ ಅಕ್ಷತೆ ಹಾಕಿ ಹರಸಿದವರ ಮಕ್ಕಳನ್ನು ತಾನೂ ಹರಸಬೇಕು. ಈ ಹೋಗಿಬರುವಿಕೆಯಿಂದಲೇ ಬಳಗವು ಬಳಗವಾಗಿ ಉಳಿದಿದೆ, ಊರು ಊರಾಗಿ ಬಾಳಿದೆ. ಜಾತ್ರೆ, ತೊಟ್ಟಿಲು, ಗೃಹಪ್ರವೇಶ, ಶಿವಾನುಭವಗೋಷ್ಠಿ, ದಾಸೋಹದ ಪಂಕ್ತಿ, ಇವೆಲ್ಲವೂ ಮನುಷ್ಯನು ಮನುಷ್ಯನ ಬಳಿಗೆ ಸಾರುವ ದಾರಿಗಳು. ಆದುದರಿಂದ ಆಮಂತ್ರಣವು ಬಂದಾಗ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಏಳುವುದೇ ಇಲ್ಲ. ಆದರೆ ಒಂದು ಸಂದರ್ಭದಲ್ಲಿ ಆ ಪ್ರಶ್ನೆಯು ಏಳುವುದು, ಏಳಲೇಬೇಕು. ತನ್ನ ಮೈಯಲ್ಲಿ ಅಂಟುರೋಗವಿದೆಯೆಂದು ತಿಳಿದವನು ನಾಲ್ಕು ಜನ ಕೂಡುವ ಕಡೆಗೆ ಹೋಗಬಹುದೇ?

ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ನೋಡುವುದಕ್ಕಿಂತ ಒಂದು ಮನೆಯೊಳಗಿಟ್ಟು ನೋಡುವುದು ಒಳ್ಳೆಯದು. ಒಬ್ಬ ಗೃಹಸ್ಥನ ತಂಗಿಯ ಮಗಳ ಮದುವೆಗೆ ಇನ್ನು ಮೂರೇ ದಿನಗಳಿವೆ ಎಂದಿಟ್ಟುಕೊಳ್ಳಬಹುದು. ಅವನು ಕನ್ಯೆಗೆ ಸೋದರಮಾವ. ಸೋದರಮಾವನಿಲ್ಲದ ಮದುವೆಯನ್ನು ಊಹಿಸುವುದೂ ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಕಷ್ಟ. ಅವನಿಗೆ ಎರಡು ದಿನಗಳಿಂದ ಜ್ವರ. ಮೂರನೆಯ ದಿನ ಎದೆಯ ಮೇಲೆಯೂ ಬೆನ್ನಿನ ಮೇಲೆಯೂ ನೀರುತುಂಬಿದ ಗುಳ್ಳೆಗಳು ಎದ್ದವು. ವೈದ್ಯರು ನೋಡಿ, ಇದು ಸೀತಾಳೆ ಸಿಡುಬು, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಜನರ ನಡುವೆ ಹೋಗಕೂಡದು ಎಂದರು. ಮನೆಯ ಹಿರಿಯರ ಮಾತು ಬೇರೆ. ತೋಳುದ್ದದ ಅಂಗಿ ತೊಟ್ಟರೆ ಯಾರಿಗೂ ಕಾಣುವುದಿಲ್ಲ. ಜ್ವರಕ್ಕೆ ಒಂದು ಗುಳಿಗೆ ನುಂಗಿದರಾಯಿತು. ಅಕ್ಷತೆ ಹಾಕಿ ಮೂಲೆಯಲ್ಲಿ ಒಂದು ಗಳಿಗೆ ಕುಳಿತು ಬಂದರೆ ಯಾರಿಗೇನು ನಷ್ಟ? ಹೋಗದಿದ್ದರೆ ತಂಗಿಯ ಅತ್ತೆಯ ಮನೆಯವರು ಏನೆಂದುಕೊಂಡಾರು? ಹೀಗೆ ಹೇಳುವವರು ದುಷ್ಟರಲ್ಲ. ಅವರು ಬಳಗದ ಮಾನವನ್ನು ಕಾಯುವವರು. ಅದಕ್ಕಾಗಿಯೇ ಅವರ ಮಾತನ್ನು ತಳ್ಳಿಹಾಕದೆ ತೂಗಿ ನೋಡಬೇಕಾಗಿದೆ.

ಮೊದಲು ರೋಗದ ನಡೆಯನ್ನು ತಿಳಿಯಬೇಕು. ಸೀತಾಳೆಯು ಗುಳ್ಳೆಯನ್ನು ಮುಟ್ಟಿದರೆ ಮಾತ್ರ ಹತ್ತುವ ರೋಗವಲ್ಲ. ರೋಗಿಯ ಉಸಿರು, ಕೆಮ್ಮುಗಳಿಂದಲೂ ಹರಡುವುದು. ಗುಳ್ಳೆಗಳು ಏಳುವ ಒಂದೆರಡು ದಿನ ಮೊದಲೇ ಅದು ಹರಡಲಾರಂಭಿಸಿ, ಕೊನೆಯ ಗುಳ್ಳೆಯು ಹಕ್ಕಳೆ ಕಟ್ಟುವವರೆಗೂ ಹರಡುತ್ತಿರುವುದು. ಆರೋಗ್ಯವಂತ ಮಕ್ಕಳಲ್ಲಿ ಅದು ಬಹುಮಟ್ಟಿಗೆ ಸೌಮ್ಯವಾಗಿ ಬಂದು ಹೋಗುವುದು ನಿಜ. ಬೆಳೆದವರಲ್ಲಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಿಂದೆ ಆ ರೋಗವನ್ನು ಕಾಣದ ಗರ್ಭಿಣಿಗೆ ಅದು ಗಂಡಾಂತರಕಾರಿ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಬಂದರೆ ಹಸುಗೂಸಿನ ಪ್ರಾಣಕ್ಕೇ ಕುತ್ತು. ಅರ್ಬುದರೋಗಕ್ಕೆ ಔಷಧಿ ಪಡೆಯುತ್ತಿರುವವರಿಗೆ, ಬೇರೆ ಕಾರಣಗಳಿಂದ ದೇಹದ ರಕ್ಷಣಾಶಕ್ತಿ ಕುಂದಿದವರಿಗೆ ಅದು ಮಾರಕವಾಗಬಲ್ಲದು. ಮದುವೆಯ ಮಂಟಪದಲ್ಲಿ ಇಂಥವರು ಇರುವುದಿಲ್ಲವೇ? ಬಸುರಿ ಹೆಂಗಸರೂ ಎಳೆಗೂಸುಗಳೂ ಇಲ್ಲದ ಮದುವೆಯ ಮನೆಯುಂಟೇ? ಗರ್ಭವು ಎರಡು ತಿಂಗಳದಾದರೆ ಅದನ್ನು ಬಲ್ಲವರು ಇಬ್ಬರೋ ಮೂವರೋ. ತನ್ನ ರೋಗವನ್ನು ಬಳಗಕ್ಕೆ ಹೇಳದೆ ಔಷಧಿ ತೆಗೆದುಕೊಳ್ಳುತ್ತಿರುವ ಮುದುಕನೂ ಅದೇ ಸಾಲಿನಲ್ಲಿ ಕುಳಿತಿರಬಹುದು. ಮೂಲೆಯಲ್ಲಿ ಕುಳಿತ ಸೋದರಮಾವನು ಇವರಾರನ್ನೂ ಗುರುತಿಸಲಾರನು. ಇವರೂ ಅವನ ಅಂಗಿಯ ಕೆಳಗಿರುವುದನ್ನು ಕಾಣಲಾರರು.

ಇನ್ನೊಂದು ಸಂಗತಿಯಿದೆ. ಈ ರೋಗವು ಸೋಂಕಿದ 10ರಿಂದ 21 ದಿನಗಳ ಮೇಲೆ ತಲೆಯೆತ್ತುವುದು. ಮದುವೆಯ ದಿನ ಯಾರಿಗೂ ಏನೂ ಆಗುವುದಿಲ್ಲ. ಊಟವು ಸುಖವಾಗಿ ಮುಗಿಯುವುದು, ಎಲ್ಲರೂ ತಾಂಬೂಲ ಹಿಡಿದು ತಮ್ಮ ತಮ್ಮ ಊರುಗಳಿಗೆ ಮರಳುವರು. ಹಂದರವನ್ನು ಬಿಚ್ಚಿ, ತೋರಣದ ಮಾವಿನೆಲೆ ಒಣಗಿ ಉದುರಿದ ಮೇಲೆ, ಎಲ್ಲಿಯೋ ದೂರದ ಒಂದು ಊರಿನಲ್ಲಿ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವಳು. ಅದು ಯಾರಿಂದ ಬಂದಿತೆಂದು ಅವಳು ಅರಿಯಳು. ತಾನು ಕೊಟ್ಟೆನೆಂದು ಕೊಟ್ಟವನೂ ಅರಿಯನು. ಮಾಡಿದವನ ಕಣ್ಣಿಗೆ ಬೀಳದ ಕೇಡು ಇದು. ಕಳ್ಳನಾದರೂ ತಾನು ಕದ್ದ ಮನೆಯನ್ನು ಬಲ್ಲನು. ಈ ಕೇಡನ್ನು ಮಾಡಿದವನು ಯಾವ ಪಶ್ಚಾತ್ತಾಪವೂ ಇಲ್ಲದೆ, ಮದುವೆಯು ಚೆನ್ನಾಗಿ ಆಯಿತೆಂದು ಹೇಳುತ್ತ ಸುಖವಾಗಿರಬಲ್ಲನು. ಪಶ್ಚಾತ್ತಾಪವು ಬರುವ ದಾರಿಯೇ ಇಲ್ಲದಿರುವ ಕಡೆಯಲ್ಲಿ ವಿವೇಕವು ಮುಂಚಿತವಾಗಿಯೇ ಬರಬೇಕು.

ಅವನ ಪ್ರೀತಿಯು ನಿಜವಾದದ್ದಲ್ಲವೇ ಎಂದು ಕೇಳಬಹುದು. ನಿಜವಾದದ್ದೇ. ಆದರೆ ಪ್ರೀತಿಯು ನಿಜವಾದ ಮಾತ್ರಕ್ಕೆ ಅದು ತರುವುದೆಲ್ಲವೂ ಸಲ್ಲತಕ್ಕದ್ದಾಗುವುದಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ತಂದದ್ದು ದುರಾಶೆಯಿಂದಲ್ಲ, ದಾಸೋಹಕ್ಕೆಂದೇ ತಂದದ್ದು. ಆದರೂ ಸತಿಯಾದ ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಅವನನ್ನು ಕಳುಹಿದಳು. ಉದ್ದೇಶವು ಒಳ್ಳೆಯದಾದರೂ ತನ್ನದಲ್ಲದ್ದು ತನ್ನದಾಗದು ಎಂಬುದು ಆ ತಾಯಿಯ ತಿಳಿವು. ಸೋದರಮಾವನ ಹರಕೆಯು ಅವನದು. ಅದನ್ನು ಅವನು ಎಷ್ಟಾದರೂ ಕೊಡಬಹುದು. ಆದರೆ ಆ ಹರಕೆಯ ಜೊತೆಗೆ ಕೈಯಲ್ಲಿ ಬರುವ ಗಂಡಾಂತರವನ್ನು ಹೊರುವವರು ಬೇರೆಯವರು. ಬೇರೆಯವರ ಮಕ್ಕಳ ಆರೋಗ್ಯವನ್ನು ಒತ್ತೆಯಿಟ್ಟು ತನ್ನ ತಂಗಿಯ ಋಣವನ್ನು ತೀರಿಸುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಇಲ್ಲಿ ಕೆಲವರು ದೈವದ ಮಾತನ್ನೆತ್ತುವರು. ಬರುವುದು ಬಂದೇ ತೀರುವುದು, ಎಲ್ಲವೂ ಶಿವನಿಚ್ಛೆ, ಒಬ್ಬನು ಮನೆಯಲ್ಲಿ ಕುಳಿತ ಮಾತ್ರಕ್ಕೆ ಇನ್ನೊಬ್ಬನ ವಿಧಿ ತಪ್ಪುವುದೇ ಎಂಬುದು ಅವರ ವಾದ. ತನಗೆ ಬಂದ ಕಷ್ಟವನ್ನು ಶಿವನಿಚ್ಛೆಯೆಂದು ತಾಳಿಕೊಳ್ಳುವುದು ಭಕ್ತಿ. ತಾನು ಇನ್ನೊಬ್ಬನಿಗೆ ತಂದ ಕಷ್ಟವನ್ನು ಶಿವನಿಚ್ಛೆಯೆಂದು ಕರೆಯುವುದು ಭಕ್ತಿಯಲ್ಲ, ಶಿವನ ಮೇಲೆ ಹೊರಿಸುವ ಆಪಾದನೆ. ತನ್ನ ಹೊಲದ ಬಾವಿಗೆ ಕಟ್ಟೆ ಕಟ್ಟದೆ ಬಿಟ್ಟವನು, ನೆರೆಮನೆಯ ಕೂಸು ಅದರಲ್ಲಿ ಬಿದ್ದಾಗ ವಿಧಿಯನ್ನು ಹೆಸರಿಸಿದರೆ ಯಾವ ಊರಿನ ದೈವವು ಒಪ್ಪೀತು? ಶರಣರು ಮನುಷ್ಯನನ್ನು ಅವನ ನಡೆಯಿಂದ ಅಳೆದವರು. ನಡೆಯ ಹೊಣೆಯನ್ನು ದೇವರ ಹೆಗಲಿಗೆ ಜಾರಿಸುವುದಕ್ಕೆ ಅವರ ಮಾರ್ಗದಲ್ಲಿ ಆಸ್ಪದವಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದುಂಟು, ಮತ್ತು ಅದು ಲಿಂಗವಂತರಿಗೇ ವಿಶೇಷವಾಗಿ ಸಲ್ಲುವಂಥದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣಧರ್ಮವು ನಿರಾಕರಿಸಿತು. ಲಿಂಗವನ್ನು ಧರಿಸಿದ ಅಂಗಕ್ಕೆ ಮೈಲಿಗೆಯಿಲ್ಲವೆಂದು ಸಾರಿತು. ಹೀಗಿರಲು, ರೋಗಿಯಾದವನು ಪಂಕ್ತಿಯಿಂದ ದೂರವಿರಬೇಕೆಂಬುದು ಬಾಗಿಲಿನಿಂದ ಹೊರದೂಡಿದ ಸೂತಕವನ್ನು ಕಿಟಕಿಯಿಂದ ಒಳಗೆ ಕರೆದಂತೆ ಆಗಲಿಲ್ಲವೇ? ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಅಂಟಿನ ಹೆಸರಿನಲ್ಲಿ ಮನುಷ್ಯನನ್ನು ಮನುಷ್ಯನಿಂದ ದೂರ ನಿಲ್ಲಿಸಿದ ಪಾಪವು ಈ ದೇಶದಲ್ಲಿ ಸಣ್ಣದಲ್ಲ.

ಆದರೆ ಎರಡಕ್ಕೂ ಇರುವ ಅಂತರವು ಹಗಲಿಗೂ ಇರುಳಿಗೂ ಇರುವಷ್ಟು. ಸೂತಕವು ಮನುಷ್ಯನ ಹುಟ್ಟಿಗೆ, ಸ್ತ್ರೀಯ ಸಹಜಧರ್ಮಕ್ಕೆ, ಮನೆಯ ದುಃಖಕ್ಕೆ ಅಂಟಿಸಿದ ಕಲ್ಪಿತ ಕಲಂಕ. ಅದರಿಂದ ಯಾರಿಗೂ ಜ್ವರ ಬಂದುದಿಲ್ಲ, ಯಾವ ಕೂಸೂ ಸತ್ತುದಿಲ್ಲ. ರೋಗಾಣುವು ಕಲ್ಪಿತವಲ್ಲ. ಅದು ಗುರುವಿನ ಮೈಗೂ ಹೋಗುವುದು, ಭಕ್ತನ ಮೈಗೂ ಹೋಗುವುದು, ಕುಲವನ್ನು ಕೇಳುವುದಿಲ್ಲ. ಸೂತಕವು ಬಲವಂತನು ದುರ್ಬಲನ ಮೇಲೆ ಹೇರಿದ ದೂರ. ಇದು ಸಶಕ್ತನು ಅಶಕ್ತನ ಸಲುವಾಗಿ ತಾನೇ ಇಟ್ಟುಕೊಳ್ಳುವ ದೂರ. ಸೂತಕದಲ್ಲಿ ದೂರ ನಿಂತವನಿಗೆ ಅವಮಾನ. ಇಲ್ಲಿ ದೂರ ನಿಂತವನಿಗೆ ಗೌರವ. ಸೂತಕವು ಮೈಲಿಗೆಯಾದವರು ಯಾರೆಂದು ಕೇಳುತ್ತಿತ್ತು. ಈ ವಿವೇಕವು ನೋವಾಗುವುದು ಯಾರಿಗೆಂದು ಕೇಳುತ್ತದೆ. ಮೊದಲನೆಯ ಪ್ರಶ್ನೆಯನ್ನು ಶರಣರು ಅಳಿಸಿದುದು ಎರಡನೆಯ ಪ್ರಶ್ನೆಯನ್ನು ಉಳಿಸುವುದಕ್ಕಾಗಿಯೇ.

ರೋಗವು ಸಂಗದಿಂದ ಹರಡುವುದೆಂಬ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಮೈಗೆ ಮೈ ತಾಗುವುದರಿಂದಲೂ, ಉಸಿರಿನಿಂದಲೂ, ಕೂಡಿ ಉಣ್ಣುವುದರಿಂದಲೂ, ಒಬ್ಬರ ಹಾಸಿಗೆ ಬಟ್ಟೆ ಮಾಲೆಗಳನ್ನು ಇನ್ನೊಬ್ಬರು ಬಳಸುವುದರಿಂದಲೂ ಜ್ವರ, ಕ್ಷಯ, ಕಣ್ಣುಬೇನೆ ಮೊದಲಾದವು ಒಬ್ಬರಿಂದ ಒಬ್ಬರಿಗೆ ದಾಟುವುವೆಂದು ಸುಶ್ರುತಸಂಹಿತೆಯು ಹೇಳಿದೆ. ಶರಣರ ಗಣದಲ್ಲಿಯೇ ವೈದ್ಯ ಸಂಗಣ್ಣನಂಥ ವೈದ್ಯನಿದ್ದು, ವೈದ್ಯದ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದನು. ಓದುಬರಹವಿಲ್ಲದ ಹಳ್ಳಿಯ ತಾಯಂದಿರಿಗೂ ಈ ತಿಳಿವು ಇತ್ತು. ಮನೆಯಲ್ಲಿ ಮಗುವಿಗೆ 'ಅಮ್ಮ' ಆದಾಗ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುತ್ತಿದ್ದರು. ಅದನ್ನು ಕಂಡವರು ಒಳಗೆ ಬರುತ್ತಿರಲಿಲ್ಲ. ಒಳಗಿದ್ದವರು ಹಬ್ಬಹುಣ್ಣಿಮೆಗೆಂದು ಹೊರಗೆ ಹೋಗುತ್ತಿರಲಿಲ್ಲ. ಅವರು ಕೊಟ್ಟ ಕಾರಣವು ದೇವಿಯ ಕೋಪವಾಗಿದ್ದಿರಬಹುದು; ನಡೆದುಕೊಂಡ ರೀತಿಯು ಮಾತ್ರ ಸರಿಯಾಗಿತ್ತು. ಆ ಬೇವಿನ ಕೊಂಬೆಯಲ್ಲಿ ನಾಚಿಕೆಯಿರಲಿಲ್ಲ. ಅದು ಮನೆಯವರು ಊರಿಗೆ ಬಾಯಿಬಿಟ್ಟು ಹೇಳಿದ ಸತ್ಯವಾಗಿತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಗೂ ಬೆಂಗಳೂರಿಗೂ ತಲುಪಿದಾಗ, ಜನರು ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಹಬ್ಬವನ್ನು ನಿಲ್ಲಿಸುವುದು, ಗುಂಪನ್ನು ಕರಗಿಸುವುದು ಈ ನಾಡಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ, ಮರೆತ ಪಾಠ.

ಆ ಪಾಠವನ್ನು 2020ನೆಯ ವರ್ಷವು ಇಡೀ ಜಗತ್ತಿಗೆ ಕಠೋರವಾಗಿ ನೆನಪಿಸಿತು. ಆ ವರ್ಷದ ಮಾರ್ಚಿ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಊರಿನಲ್ಲಿ, ನಮ್ಮ ಭಜನಾಮೇಳದಂತೆ ಕೂಡಿ ಹಾಡುವ 61 ಜನರು ಅಭ್ಯಾಸಕ್ಕೆಂದು ಸೇರಿದರು. ಅವರು ಹಾಡಿದುದು ಎರಡೂವರೆ ಗಂಟೆ. ಅವರಲ್ಲಿ ಒಬ್ಬರಿಗೆ ಮೂರು ದಿನಗಳಿಂದ ನೆಗಡಿಯಂಥ ಬಾಧೆಯಿತ್ತು. ಅದು ಕೋವಿಡ್ ಆಗಿತ್ತು. ಆ ಒಬ್ಬರೂ ಸೇರಿ 53 ಮಂದಿಗೆ ರೋಗವು ಬಂದಿತೆಂದೂ ಇಬ್ಬರು ತೀರಿಕೊಂಡರೆಂದೂ ಅಲ್ಲಿಯ ಆರೋಗ್ಯ ಇಲಾಖೆಯವರು ಪರಿಶೀಲಿಸಿ ಬರೆದಿಟ್ಟರು. ಆ ರೋಗವು ಆಗಿನ್ನೂ ಹೊಸದು. ನೆಗಡಿಯೆಂದು ತಿಳಿದು ಹಾಡಲು ಬಂದವರನ್ನು ದೂಷಿಸುವುದು ನ್ಯಾಯವಲ್ಲ. ಅರಿಯದೆ ಮಾಡಿದ್ದು ಅನಾಹುತ. ಅರಿತು ಮಾಡಿದ್ದು ಅಪರಾಧ. ಆದರೆ ಆ ವರ್ಷದ ತರುವಾಯ, ಸಣ್ಣ ನೆಗಡಿಯೆಂದುಕೊಂಡೆ, ಇಷ್ಟಾಗುವುದೆಂದು ಗೊತ್ತಿರಲಿಲ್ಲ ಎಂಬ ಮಾತಿಗೆ ಹಿಂದಿನ ಬಲವು ಉಳಿದಿಲ್ಲ. ಜಗತ್ತಿನ ಅರಿವು ಹೆಚ್ಚಿದಂತೆ ಜಗತ್ತಿನ ಹೊಣೆಯೂ ಹೆಚ್ಚುವುದು. ಅರಿವು ಆಚಾರವಾಗಿ ಇಳಿಯದಿದ್ದರೆ ಅದು ತಲೆಯ ಮೇಲಿನ ಹೊರೆಯೇ ಸರಿ.

ಹಾಗಾದರೆ ಕಾಯಕವೇನಾಗಬೇಕು? ಮದುವೆಗೆ ಹೋಗದಿರಬಹುದು, ದುಡಿಮೆಗೆ ಹೋಗದೆ ಇರುವುದೆಂತು? ಈ ಪ್ರಶ್ನೆಯ ನೋವನ್ನು ನ್ಯೂಯಾರ್ಕ್ ನಗರದಲ್ಲಿದ್ದ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆಯ ಬಾಳು ತೋರಿಸುತ್ತದೆ. ಆಕೆ ಐರ್ಲೆಂಡಿನಿಂದ ಬಂದ ಬಡ ಹೆಂಗಸು, ಒಳ್ಳೆಯ ಅಡುಗೆಯವಳು. ಆಕೆಯ ದೇಹದಲ್ಲಿ ವಿಷಮಶೀತಜ್ವರದ, ಎಂದರೆ ಟೈಫಾಯಿಡ್ಡಿನ ರೋಗಾಣುಗಳು ನೆಲೆಸಿದ್ದರೂ ಆಕೆಗೆ ಜ್ವರವಿರಲಿಲ್ಲ. ಆಕೆ ಬೇಯಿಸಿ ಬಡಿಸಿದ ಮನೆಗಳಲ್ಲಿ ಮಾತ್ರ ಜನರು ಹಾಸಿಗೆ ಹಿಡಿದರು. 1907ರಲ್ಲಿ ಇದನ್ನು ಕಂಡುಹಿಡಿದು ಆಕೆಯನ್ನು ಒಂದು ನಡುಗಡ್ಡೆಯಲ್ಲಿ ಪ್ರತ್ಯೇಕವಾಗಿಟ್ಟರು. ಇನ್ನು ಅಡುಗೆಯ ಕೆಲಸ ಮಾಡೆನೆಂಬ ಮಾತನ್ನು ಪಡೆದು 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಕೂಲಿ ಕಡಿಮೆ. ಆಕೆ ಹೆಸರನ್ನು ಬದಲಿಸಿಕೊಂಡು ಮತ್ತೆ ಅಡುಗೆಗೆ ಸೇರಿದಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಒಂದು ಹೆರಿಗೆಯ ಆಸ್ಪತ್ರೆಯಲ್ಲಿ 25 ಜನರಿಗೆ ಆ ಜ್ವರ ಬಂದಿತು, ಇಬ್ಬರು ಸತ್ತರು. ಮರಳಿ ನಡುಗಡ್ಡೆಗೆ ಒಯ್ಯಲ್ಪಟ್ಟ ಆಕೆ 1938ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದಳು. ತನ್ನಲ್ಲಿ ರೋಗವಿದೆಯೆಂದು ಆಕೆ ಕೊನೆಯವರೆಗೂ ಒಪ್ಪಲಿಲ್ಲ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಒಂದನ್ನು ಮಾತ್ರ ಕಲಿತರೆ ಅನ್ಯಾಯವಾಗುವುದು. ಮೊದಲನೆಯದು, ಕಾಯಕವೆಂಬ ಹೆಸರು ಕೇಡಿಗೆ ಕವಚವಾಗದು. ಕಾಯಕವು ಪವಿತ್ರವಾಗುವುದು ಅದರ ಫಲವು ಸಮಾಜಕ್ಕೆ ಒಳಿತಾಗಿ ಸಲ್ಲುವುದರಿಂದ. ಉಣ್ಣುವವನಿಗೆ ವಿಷವಾಗುವ ಅಡುಗೆಯು ಎಷ್ಟು ಶ್ರಮದ್ದಾದರೂ ಕಾಯಕವೆನಿಸದು. ಕಾಮಾಲೆಯಲ್ಲಿಯೋ ವಾಂತಿಭೇದಿಯಲ್ಲಿಯೋ ಇರುವವನು ದಾಸೋಹದ ಒಲೆಯ ಮುಂದೆ ನಿಲ್ಲುವುದು ಸೇವೆಯಲ್ಲ. ಆ ದಿನ ಸೌಟನ್ನು ಇನ್ನೊಬ್ಬರ ಕೈಗೆ ಕೊಡುವುದೇ ಅವನ ಸೇವೆ. ಎರಡನೆಯದು, ಒಬ್ಬಳ ಅನ್ನದ ದಾರಿಯನ್ನು ಮುಚ್ಚಿದ ಸಮಾಜವು ಆಕೆಗೆ ಸಾಕಾಗುವಷ್ಟು ಬೇರೊಂದು ದಾರಿಯನ್ನು ತೆರೆಯಲಿಲ್ಲ. ಮನೆಯಲ್ಲಿರು ಎಂದು ಕೂಲಿಯವನಿಗೆ ಹೇಳುವ ಒಡೆಯನು ಆ ದಿನದ ಕೂಲಿಯನ್ನು ಹಿಡಿದುಕೊಂಡರೆ, ಆ ಕೂಲಿಯವನು ಜ್ವರವನ್ನು ಮುಚ್ಚಿಟ್ಟು ಬರುವ ತಪ್ಪಿನಲ್ಲಿ ಒಡೆಯನಿಗೂ ಅರ್ಧ ಪಾಲು ಸಲ್ಲುವುದು.

ಇಷ್ಟನ್ನು ತೂಗಿ ನೋಡಿದ ಮೇಲೆ ಒಂದು ಸರಳವಾದ ಒರೆಗಲ್ಲು ದೊರೆಯುತ್ತದೆ. ಹೋಗಬೇಕೆಂದಿರುವವನು ಮಂಟಪದ ಬಾಗಿಲಲ್ಲಿ ನಿಂತು, ತನಗೆ ಇಂಥ ರೋಗವಿದೆ, ತಾನು ಒಳಗೆ ಬರಲೇ ಎಂದು ಎಲ್ಲರಿಗೂ ಕೇಳುವಂತೆ ಕೇಳಬಲ್ಲನೇ? ಕೇಳಿದರೆ ಜನರು ಒಪ್ಪುವರೇ? ಕೇಳಲಾರೆನೆಂದು ಅವನ ಮನಸ್ಸು ಹಿಂಜರಿದರೆ ಉತ್ತರವು ಆಗಲೇ ದೊರೆತಂತಾಯಿತು. ತೋಳುದ್ದದ ಅಂಗಿಯು ಮುಚ್ಚುವುದು ಗುಳ್ಳೆಗಳನ್ನಲ್ಲ. ಇತರರ ಒಪ್ಪಿಗೆಯನ್ನು ಅವರಿಂದ ಕಸಿದುಕೊಂಡ ಸಂಗತಿಯನ್ನು. ಅತಿಥಿಗಳು ಮನೆಯವರ ಮೇಲೆಯೂ ಒಬ್ಬರು ಇನ್ನೊಬ್ಬರ ಮೇಲೆಯೂ ವಿಶ್ವಾಸವಿಟ್ಟು ಬಂದಿರುವರು. ಆ ವಿಶ್ವಾಸವನ್ನು ಬಳಸಿಕೊಂಡು ಅವರು ಅರಿಯದ ಗಂಡಾಂತರವನ್ನು ಅವರ ನಡುವೆ ಇಡುವುದು ಹುಸಿಯ ಒಂದು ರೂಪ. ಬಾಯಿಯಿಂದ ಆಡಿದ್ದು ಮಾತ್ರ ಹುಸಿಯಲ್ಲ; ಆಡಬೇಕಾದುದನ್ನು ನುಂಗಿದ್ದೂ ಹುಸಿಯೇ. ಆದುದರಿಂದ ಅರಿತವನು ಹೇಳಬೇಕು. ಹೇಳಲಾಗದ ಕಡೆಗೆ ಹೋಗಬಾರದು.

ಕಾನೂನೂ ಇದನ್ನು ಗಮನಿಸಿದೆ. ಪ್ರಾಣಾಪಾಯಕರವಾದ ರೋಗದ ಸೋಂಕನ್ನು ಹರಡಬಹುದಾದ ಕೃತ್ಯವನ್ನು ಅಲಕ್ಷ್ಯದಿಂದ ಮಾಡುವುದು 1860ರ ಭಾರತ ದಂಡಸಂಹಿತೆಯಲ್ಲಿ ಅಪರಾಧವಾಗಿತ್ತು; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಮೂರು ವಾರಗಳ ಮೇಲೆ ಬೇರೊಂದು ಊರಿನಲ್ಲಿ ಬೀಳುವ ಹಾಸಿಗೆಯವರೆಗೆ ಯಾವ ಪೊಲೀಸನೂ ಜಾಡು ಹಿಡಿದು ಹೋಗಲಾರನು. ಕಾನೂನಿನ ಕಣ್ಣು ಕಾಣದ ಕಡೆಯಲ್ಲಿ ಕಾಯಬೇಕಾದುದು ಅಂತಃಸಾಕ್ಷಿ.

ಎಲ್ಲ ಸಂದರ್ಭಗಳೂ ಮದುವೆಯಂತಿರುವುದಿಲ್ಲ. ತಾಯಿಯು ಲಿಂಗೈಕ್ಯಳಾದಾಗ ಮಗನಿಗೆ ಜ್ವರವಿದ್ದರೆ ಏನು ಮಾಡಬೇಕು? ಮದುವೆಗೆ ಹೋಗಲಾರದವನು ಹದಿನೈದು ದಿನಗಳ ಮೇಲೆ ಹೋಗಿ ವಧೂವರರನ್ನು ಹರಸಬಹುದು. ತಾಯಿಯ ಸಮಾಧಿಗೆ ಇನ್ನೊಂದು ದಿನವಿಲ್ಲ. ಇಲ್ಲಿ ಧರ್ಮವು ಕಟುಕನ ಕತ್ತಿಯಾಗಬಾರದು. ರೋಗವು ತೀರ ಘೋರವಾದದ್ದಲ್ಲದಿದ್ದರೆ, ತನ್ನ ಸ್ಥಿತಿಯನ್ನು ಮೊದಲೇ ಎಲ್ಲರಿಗೂ ತಿಳಿಸಿ, ಮೂಗುಬಾಯಿಗೆ ಮುಸುಕು ಹಾಕಿ, ಬಯಲಿನಲ್ಲಿ ಎಲ್ಲರಿಂದ ದೂರ ನಿಂತು, ಬಸುರಿಯರೂ ಕೂಸುಗಳೂ ವೃದ್ಧರೂ ಹತ್ತಿರವಿಲ್ಲದಂತೆ ನೋಡಿಕೊಂಡು, ಅವನು ಒಂದು ಪತ್ರೆಯನ್ನು ಅರ್ಪಿಸಿ ಬರಬಹುದು. ಇಲ್ಲಿ ಮುಚ್ಚುಮರೆಯಿಲ್ಲ, ಹತ್ತಿರ ಬರುವವರು ತಿಳಿದು ಬರುವರು. ವ್ಯತ್ಯಾಸವಿರುವುದು ಇಲ್ಲಿಯೇ. ಅಗತ್ಯವು ದೊಡ್ಡದಾದಷ್ಟೂ ಎಚ್ಚರವೂ ಬಯಲುತನವೂ ದೊಡ್ಡವಾಗಬೇಕು. ತಪ್ಪಿಸಿದರೆ ಬರಿಯ ಮಾತು ಬರುವ ಸಭೆಗೂ, ತಪ್ಪಿಸಿದರೆ ಬಾಳೆಲ್ಲ ಕೊರಗು ಉಳಿಯುವ ಗಳಿಗೆಗೂ ಒಂದೇ ಅಳತೆ ಸಲ್ಲದು.

ಹೇಳಿದವನನ್ನು ಸಮಾಜವು ಹೇಗೆ ಕಾಣುವುದೆಂಬುದರ ಮೇಲೆ ಉಳಿದವರು ಹೇಳುವರೋ ಮುಚ್ಚಿಡುವರೋ ಎಂಬುದು ನಿಂತಿದೆ. ಬರಲಾಗದವನ ಮೇಲೆ ಮುನಿಸಿಕೊಳ್ಳುವ ಮನೆಯು ಮುಂದಿನ ಮದುವೆಗೆ ರೋಗವನ್ನು ತಾನೇ ಆಮಂತ್ರಿಸಿದಂತೆ. ರೋಗದ ಹೆಸರನ್ನು ಕೇಳಿ ಪಿಸುಗುಟ್ಟುವ ಓಣಿಯು ಎಲ್ಲರಿಗೂ ಸುಳ್ಳನ್ನು ಕಲಿಸುವುದು. ದೂರವಿಡುವುದು ರೋಗವನ್ನು, ರೋಗಿಯನ್ನಲ್ಲ. ಅದೂ ರೋಗವು ಹರಡುವಷ್ಟು ದಿನ ಮಾತ್ರ, ಅದು ಹರಡುವ ರೀತಿಗೆ ತಕ್ಕಷ್ಟು ಮಾತ್ರ. ಶ್ವಾಸಕೋಶದ ಕ್ಷಯದವನು ಸರಿಯಾದ ಔಷಧಿಯನ್ನು ಕೆಲವು ವಾರ ತೆಗೆದುಕೊಂಡು, ಇನ್ನು ಹರಡದೆಂದು ವೈದ್ಯರು ಹೇಳಿದ ಮೇಲೆ ಅವನನ್ನು ಪಂಕ್ತಿಯಿಂದ ಏಳಿಸುವುದು ಪಾಪ. ಎಚ್‌ಐವಿ ಸೋಂಕುಳ್ಳವರ ಜೊತೆಗೆ ಕುಳಿತು ಉಂಡರೆ, ಕೈ ಹಿಡಿದರೆ ಆ ಸೋಂಕು ಬರುವುದಿಲ್ಲ. ಚಿಕಿತ್ಸೆ ಪಡೆದ ಕುಷ್ಠರೋಗಿಯಿಂದ ರೋಗವು ಹರಡುವುದಿಲ್ಲ. ಇಂಥವರನ್ನು ಹೊರಗಿಟ್ಟರೆ ಅದು ವಿವೇಕವಲ್ಲ, ಶರಣರು ಅಳಿಸಿದ ಸೂತಕವೇ ಹೊಸ ವೇಷದಲ್ಲಿ ಬಂದುದು. ಅರಿವು ಹೋಗಬೇಡವೆಂದು ಹೇಳುವಂತೆಯೇ, ಅಂಜಬೇಡವೆಂದೂ ಹೇಳುತ್ತದೆ. ಎರಡನ್ನೂ ಕೇಳಿದವನೇ ಅರಿತವನು.

ಮನೆಯಲ್ಲಿ ಉಳಿದವನು ಕಳೆದುಕೊಳ್ಳುವುದೇನು? ಸಂಭ್ರಮವನ್ನು ಕಳೆದುಕೊಳ್ಳುವನು; ಅದು ಸಣ್ಣ ನಷ್ಟವಲ್ಲ. ಆದರೆ ಲಿಂಗವಂತನು ದೇವರನ್ನು ಕಳೆದುಕೊಳ್ಳುವುದಿಲ್ಲ. ಗುಂಪು ಸೇರಿದಲ್ಲಿ ಮಾತ್ರ ದೊರೆಯುವ ದೇವರನ್ನು ಶರಣರು ಅವನಿಗೆ ಕೊಡಲಿಲ್ಲ. ಅಂಗೈಯಲ್ಲಿ ಹಿಡಿದು ಪೂಜಿಸುವ ಇಷ್ಟಲಿಂಗವನ್ನು ಕೊಟ್ಟರು. ಮುಚ್ಚಿದ ಕೋಣೆಯಲ್ಲಿ ಜ್ವರದಿಂದ ಮಲಗಿದವನ ಎದೆಯ ಮೇಲೆಯೂ ಆ ಲಿಂಗವಿದೆ. ಇನ್ನು ದಾಸೋಹದ ಮಾತು. ತನ್ನಲ್ಲಿರುವುದನ್ನು ತಾನೇ ಅನುಭವಿಸದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹವಾದರೆ, ತನ್ನ ಸಂತೋಷವನ್ನು ಬಿಟ್ಟುಕೊಟ್ಟು ಕಾಣದ ಒಂದು ಕೂಸಿನ ಆರೋಗ್ಯವನ್ನು ಉಳಿಸುವುದೂ ದಾಸೋಹವೇ. ಅದಕ್ಕೆ ಹೂಮಾಲೆಯಿಲ್ಲ, ಕೃತಜ್ಞತೆಯ ಮಾತಿಲ್ಲ. ಬದುಕಿದ ಕೂಸಿಗೆ ತಾನು ಯಾರಿಂದ ಬದುಕಿದೆನೆಂಬುದು ಎಂದಿಗೂ ತಿಳಿಯದು. ಮಾಡಿದೆನೆಂಬ ಅಹಂಕಾರವು ಸೇರಲು ಎಡೆಯೇ ಇಲ್ಲದ ಇಂಥ ಸೇವೆಯು ಭೃತ್ಯಾಚಾರಕ್ಕೆ ಬಹಳ ಸಮೀಪವಾದದ್ದು.

ಆ ಸೋದರಮಾವನು ಏನು ಮಾಡಬೇಕೆಂಬುದು ಈಗ ಸ್ಪಷ್ಟವಾಗಿದೆ. ಅವನು ತಂಗಿಗೆ ದೂರವಾಣಿಯಲ್ಲಿ ಇದ್ದುದನ್ನು ಇದ್ದಂತೆ ಹೇಳಬೇಕು. ಹಿಂದಿನ ವಾರ ಜವಳಿ ತರಲು ಜೊತೆಗೆ ಹೋದವರಿಗೂ ಹೇಳಬೇಕು. ಅವರಲ್ಲಿ ಬಸುರಿಯರಿದ್ದರೆ ತಡಮಾಡದೆ ವೈದ್ಯರನ್ನು ಕಾಣುವರು. ಮುಯ್ಯಿಯನ್ನು ಮಗನ ಕೈಯಲ್ಲಿ ಕಳುಹಬಾರದೇ ಎಂದರೆ, ಮಗನಿಗೆ ಆ ರೋಗವು ಹಿಂದೆ ಬಂದು ಹೋಗಿದ್ದರೆ ಕಳುಹಬಹುದು, ಇಲ್ಲವಾದರೆ ಅದೂ ಕಾಯಲಿ. ತಂಗಿಯು ಮಾಡಬೇಕಾದುದೂ ಒಂದಿದೆ. ಅಣ್ಣನ ಜಾಗದಲ್ಲಿ ಬಳಗದ ಇನ್ನೊಬ್ಬ ಹಿರಿಯನನ್ನು ನಿಲ್ಲಿಸಿ, ಅಣ್ಣನು ಏಕೆ ಬರಲಿಲ್ಲವೆಂಬುದನ್ನು ಬೀಗರ ಮುಂದೆ ತಲೆತಗ್ಗಿಸದೆ ಹೇಳಬೇಕು. ಮದುವೆಯ ಊಟವನ್ನು ಒಂದು ಬುತ್ತಿಯಲ್ಲಿ ಕಟ್ಟಿ ಅವನ ಮನೆಯ ಬಾಗಿಲಿಗೆ ಮುಟ್ಟಿಸಬೇಕು. ಹಕ್ಕಳೆಗಳೆಲ್ಲ ಉದುರಿದ ಮೇಲೆ ಹೊಸ ಜೋಡಿಯು ಅವನ ಮನೆಗೆ ಬಂದು ನಮಸ್ಕರಿಸುವುದು. ಆಗ ಅವನು ಹಾಕುವ ಅಕ್ಷತೆಯ ಕಾಳುಗಳಲ್ಲಿ ಹರಕೆಯ ಹೊರತು ಇನ್ನೇನೂ ಇರುವುದಿಲ್ಲ.